ಬಾಗಿಲ ಹೊರಗೆ ನಿಂತ ವಿಜೇತ: ಗಾಲ್ಫ್ ಪಟು ಪಾಪ್ವಾ ಸಿವ್‌ಗೋಲಂ

ಗಾಲ್ಫ್ ನಮ್ಮ ಶಾಲೆಗಳ ಅಂಗಳದಲ್ಲಿ ಬೆಳೆದ ಆಟವಲ್ಲ. ಕಬಡ್ಡಿಗೆ ನೆಲದ ಮೇಲೆ ಎಳೆದ ಗೆರೆಗಳು ಸಾಕು. ಖೋ-ಖೋ ಆಟಕ್ಕೆ ಎರಡು ಕಂಬಗಳು ಸಾಕು. ಗಾಲ್ಫಿಗಾದರೋ ನೂರಕ್ಕೂ ಹೆಚ್ಚು ಎಕರೆಗಳ ಹಸುರು ನೆಲ ಬೇಕು, ಅದನ್ನು ಕಾಪಾಡುವ ಆಳುಕಾಳುಗಳು ಬೇಕು, ಬೆಲೆಬಾಳುವ ದಾಂಡುಗಳು ಬೇಕು. ಆದುದರಿಂದಲೇ ಅದು ಬಹುಕಾಲ ಸಿರಿವಂತರ ಆಟವೆಂದು ಹೆಸರಾಯಿತು. ಹೀಗಿರುವಾಗ ಗಾಲ್ಫನ್ನೇ ಜೀವನೋಪಾಯವನ್ನಾಗಿ ಮಾಡಿಕೊಂಡ ಒಬ್ಬ ಆಟಗಾರನ ಬದುಕನ್ನು ಶಾಲೆಯೊಂದರ ಸ್ಮರಣ ಸಂಪುಟದಲ್ಲಿ ಏಕೆ ಪರಿಶೀಲಿಸಬೇಕು ಎಂಬ ಪ್ರಶ್ನೆ ವಾಚಕರಲ್ಲಿ ಏಳುವುದು ಸಹಜ.

ಆ ಪ್ರಶ್ನೆಗೆ ಉತ್ತರ ಈ ಆಟಗಾರನ ಜೀವನದಲ್ಲಿಯೇ ಇದೆ. ಶಾಲೆಯ ಮೆಟ್ಟಿಲನ್ನು ಸರಿಯಾಗಿ ಏರದ, ಓದು ಬರಹ ಬಾರದ, ಯಾವ ಶಿಕ್ಷಕನಿಂದಲೂ ಪಾಠ ಹೇಳಿಸಿಕೊಳ್ಳದ ಒಬ್ಬ ಬಡ ಹುಡುಗ ಐರೋಪ್ಯ ರಾಷ್ಟ್ರವೊಂದರ ಚಾಂಪಿಯನ್ ಪದವಿಯನ್ನು ಮೂರು ಬಾರಿ ಗೆದ್ದನು. ತನ್ನ ಹುಟ್ಟೂರಿನಲ್ಲಿ ಗೆದ್ದಾಗ ಮಾತ್ರ, ಗೆದ್ದ ಪಾರಿತೋಷಕವನ್ನು ಪಡೆಯಲು ಅವನು ಕಟ್ಟಡದೊಳಕ್ಕೆ ಕಾಲಿಡುವಂತಿರಲಿಲ್ಲ. ಪ್ರತಿಭೆ ಎಲ್ಲಿಯಾದರೂ ಹುಟ್ಟೀತು. ಅದು ಪ್ರವೇಶಿಸಬೇಕಾದ ಬಾಗಿಲನ್ನು ತೆರೆಯುವವರೂ ಮುಚ್ಚುವವರೂ ಮಾತ್ರ ಮನುಷ್ಯರೇ. ಈ ಸಂಗತಿಯನ್ನು ವಿದ್ಯಾಸಂಸ್ಥೆಗಳನ್ನು ಕಟ್ಟುವವರು, ನಡೆಸುವವರು, ಪೋಷಿಸುವವರು ವಿಶೇಷವಾಗಿ ಮನನ ಮಾಡಬೇಕಾಗಿದೆ. ದಕ್ಷಿಣ ಆಫ್ರಿಕದ ಪಾಪ್ವಾ ಸಿವ್‌ಗೋಲಂ ಅವರ ಜೀವನವೃತ್ತಾಂತವನ್ನು ಇಲ್ಲಿ ಆ ದೃಷ್ಟಿಯಿಂದ ಸಂಗ್ರಹವಾಗಿ ನಿರೂಪಿಸಲಾಗಿದೆ.

ಹೆಸರಿನ ಹಿಂದಿನ ಇತಿಹಾಸ

1860ರ ನವೆಂಬರ್ 16ರಂದು ‘ಟ್ರೂರೋ’ ಎಂಬ ಹಡಗು ಮದರಾಸಿನಿಂದ ಹೊರಟು ಆಫ್ರಿಕದ ಆಗ್ನೇಯ ಕರಾವಳಿಯ ದರ್ಬನ್ ಬಂದರನ್ನು ಸೇರಿತು. ಅದರಲ್ಲಿದ್ದವರು ನೇಟಾಲ್ ವಸಾಹತಿನ ಕಬ್ಬಿನ ತೋಟಗಳಲ್ಲಿ ದುಡಿಯಲು ಕರಾರು ಬರೆದುಕೊಟ್ಟು ಬಂದ ಭಾರತೀಯ ಕೂಲಿಗಳು. ಅಂದಿನಿಂದ 1911ರವರೆಗೆ ಮದರಾಸು ಮತ್ತು ಕಲ್ಕತ್ತೆಯ ಬಂದರುಗಳಿಂದ ಸುಮಾರು ಒಂದೂವರೆ ಲಕ್ಷ ಜನ ಹೀಗೆಯೇ ಸಮುದ್ರ ದಾಟಿ ಹೋದರು. ಕರಾರಿನ ಅವಧಿ ಮುಗಿದ ಮೇಲೆಯೂ ಬಹುಮಂದಿ ಅಲ್ಲಿಯೇ ನೆಲೆಸಿದರು. ತರಕಾರಿ ಬೆಳೆದರು, ಮೀನು ಹಿಡಿದರು, ಚಿಕ್ಕಪುಟ್ಟ ಅಂಗಡಿಗಳನ್ನು ತೆರೆದರು. 1893ರಲ್ಲಿ ವಕೀಲರಾಗಿ ಹೋದ ಗಾಂಧೀಜಿಯವರು ಸತ್ಯಾಗ್ರಹದ ಮೊದಲ ಪ್ರಯೋಗವನ್ನು ನಡೆಸಿದುದು ಈ ಜನಸಮುದಾಯದ ಹಕ್ಕುಗಳಿಗಾಗಿಯೇ ಎಂಬುದು ಎಲ್ಲರೂ ಬಲ್ಲ ವಿಷಯ.

ವಸಾಹತಿನ ಗುಮಾಸ್ತರು ಈ ಕೂಲಿಗಳ ಹೆಸರುಗಳನ್ನು ತಮ್ಮ ಕಿವಿಗೆ ಕೇಳಿಸಿದಂತೆ ಬರೆದುಕೊಂಡರು. ‘ಶಿವ’ ಎಂಬ ಪದ ಅವರ ದಾಖಲೆಗಳಲ್ಲಿ ‘ಸಿವ್’ ಎಂದಾಯಿತು. ಪಾಪ್ವಾ ಅವರ ಪೂರ್ಣ ಹೆಸರು ಸಿವ್‌ಸಂಕರ್ ಸಿವ್‌ಗೋಲಂ. ಕಡಲಾಚೆ ರೂಪಗೆಟ್ಟ ಈ ಹೆಸರನ್ನು ಸ್ವಲ್ಪ ತಿದ್ದಿ ಉಚ್ಚರಿಸಿದರೆ ನಮಗೆ ಚಿರಪರಿಚಿತವಾದ ‘ಶಿವಶಂಕರ’ ಕಣ್ಣೆದುರು ನಿಲ್ಲುತ್ತದೆ. ಮಾರಿಷಸ್ ದೇಶದಲ್ಲಿ ‘ರಾಮಗುಲಾಂ’ ಎಂಬ ಮನೆತನದ ಹೆಸರು ಇರುವಂತೆಯೇ ‘ಸಿವ್‌ಗೋಲಂ’ ಎಂಬುದೂ ಶಿವನ ಸೇವಕ ಎಂಬ ಅರ್ಥವನ್ನು ಹೊತ್ತ ಹೆಸರು. ‘ಪಾಪ್ವಾ’ ಎಂಬುದು ಮುದ್ದಿನ ಹೆಸರು. ಲೋಕ ಅವರನ್ನು ಕರೆದದ್ದು ಆ ಹೆಸರಿನಿಂದಲೇ.

ಗುರುವಿಲ್ಲದ ಅಭ್ಯಾಸ

ಪಾಪ್ವಾ ಅವರು 1928ರ ಸುಮಾರಿಗೆ ದರ್ಬನ್ನಿನ ಒಂದು ಬಡ ಕುಟುಂಬದಲ್ಲಿ ಜನಿಸಿದರು. ಕುಟುಂಬದ ಹೊಟ್ಟೆ ಹೊರೆಯುವುದಕ್ಕಾಗಿ ಚಿಕ್ಕಂದಿನಲ್ಲಿಯೇ ಗಾಲ್ಫ್ ಮೈದಾನದಲ್ಲಿ ‘ಕ್ಯಾಡಿ’ಯಾಗಿ ದುಡಿಯತೊಡಗಿದರು. ಆಟಗಾರನ ದಾಂಡುಗಳ ಚೀಲವನ್ನು ಹೆಗಲಿಗೇರಿಸಿಕೊಂಡು ಅವನ ಹಿಂದೆ ಮೈಲಿಗಟ್ಟಲೆ ನಡೆಯುವುದು, ಚೆಂಡು ಬಿದ್ದ ಜಾಗವನ್ನು ಗುರುತಿಸುವುದು, ಕೇಳಿದ ದಾಂಡನ್ನು ಒರೆಸಿ ಕೈಗೆ ಕೊಡುವುದು ಕ್ಯಾಡಿಯ ಕೆಲಸ. ಆ ಮೈದಾನದಲ್ಲಿ ಆಡುವ ಹಕ್ಕು ಬಿಳಿಯರದು. ಚೀಲ ಹೊರುವ ಕೆಲಸ ಭಾರತೀಯ ಮತ್ತು ಆಫ್ರಿಕನ್ ಹುಡುಗರದು.

ಆದರೂ ಕಣ್ಣಿನಿಂದ ನೋಡುವುದನ್ನು ಯಾರೂ ನಿಷೇಧಿಸುವಂತಿರಲಿಲ್ಲ. ಹುಡುಗನು ಆಟಗಾರರ ಹೊಡೆತಗಳನ್ನು ನೋಡಿ ಮನಸ್ಸಿನಲ್ಲಿ ಇಟ್ಟುಕೊಂಡನು. ಮರದ ಕೊಂಬೆಯನ್ನು ಕಡಿದು ದಾಂಡು ಮಾಡಿಕೊಂಡು ತಾನೇ ಹೊಡೆದು ಕಲಿತನು. ಆಟದ ಪುಸ್ತಕಗಳನ್ನು ಓದಿ ತಿಳಿಯುವಷ್ಟು ಅಕ್ಷರಜ್ಞಾನ ಅವನಿಗಿರಲಿಲ್ಲ. ತಪ್ಪು ಒಪ್ಪುಗಳನ್ನು ಹೇಳಿಕೊಡುವ ಶಿಕ್ಷಕನೂ ಇರಲಿಲ್ಲ. ಹೊಡೆದ ಚೆಂಡು ನೇರವಾಗಿ ಹೋಯಿತೇ, ಓರೆಯಾಯಿತೇ ಎಂಬುದೊಂದೇ ಅವನ ಪರೀಕ್ಷೆ.

ಈ ಸ್ವಯಂಶಿಕ್ಷಣದ ಗುರುತು ಅವರ ಹಿಡಿತದಲ್ಲಿ ಕೊನೆಯವರೆಗೂ ಉಳಿಯಿತು. ಕ್ರಿಕೆಟ್ ಬಲ್ಲವರಿಗೆ ಇದನ್ನು ಸುಲಭವಾಗಿ ವಿವರಿಸಬಹುದು. ಬಲಗೈ ಆಟಗಾರನು ಬ್ಯಾಟನ್ನು ಹಿಡಿಯುವಾಗ ಎಡಗೈ ಹಿಡಿಯ ಮೇಲ್ತುದಿಯಲ್ಲಿಯೂ ಬಲಗೈ ಅದರ ಕೆಳಗೂ ಇರುತ್ತದೆಯಷ್ಟೆ. ಗಾಲ್ಫಿನಲ್ಲಿಯೂ ಕ್ರಮ ಇದೇ. ಪಾಪ್ವಾ ಅವರು ಬಲಗೈ ಆಟಗಾರನಂತೆಯೇ ನಿಂತು, ಕೈಗಳನ್ನು ಮಾತ್ರ ತಿರುವುಮುರುವಾಗಿ, ಬಲಗೈ ಮೇಲೆ, ಎಡಗೈ ಕೆಳಗೆ ಬರುವಂತೆ ಹಿಡಿಯುತ್ತಿದ್ದರು. ಯಾವ ಶಿಕ್ಷಕನೂ ಮೊದಲ ದಿನವೇ ತಿದ್ದಿಬಿಡುತ್ತಿದ್ದ ಹಿಡಿತವಿದು. ತಿದ್ದುವವರಿಲ್ಲದೆ ಅದು ಉಳಿಯಿತು. ಸಾವಿರಾರು ಹೊಡೆತಗಳಲ್ಲಿ ಪಳಗಿ ಖಚಿತವಾಯಿತು. ಕಡೆಗೆ ಗಾಲ್ಫ್ ಲೋಕದಲ್ಲಿ ‘ಸಿವ್‌ಗೋಲಂ ಹಿಡಿತ’ ಎಂದೇ ಪ್ರಸಿದ್ಧವಾಯಿತು. ರೂಢಿಯ ವಿಧಾನವೊಂದೇ ಸರಿಯಾದ ವಿಧಾನವಲ್ಲ ಎಂಬುದಕ್ಕೆ ಇದು ಶಿಕ್ಷಕ ವರ್ಗ ಗಮನಿಸಬೇಕಾದ ನಿದರ್ಶನ.

ಆಟದ ಲೆಕ್ಕಾಚಾರ

ಮುಂದಿನ ಸಂಗತಿಗಳನ್ನು ಅರಿಯಲು ಆಟದ ಸ್ವರೂಪವನ್ನು ಸ್ಥೂಲವಾಗಿ ತಿಳಿದಿರುವುದು ಅವಶ್ಯಕ. ಗಾಲ್ಫ್ ಮೈದಾನದಲ್ಲಿ 18 ಗುಳಿಗಳಿರುತ್ತವೆ. ಪ್ರತಿ ಗುಳಿಯ ಅಗಲ ನಾಲ್ಕೂಕಾಲು ಅಂಗುಲ. ಆರಂಭದ ಸ್ಥಳದಿಂದ ಹೊಡೆದ ಚೆಂಡನ್ನು ನೂರಾರು ಗಜ ದೂರದ ಗುಳಿಗೆ ಆದಷ್ಟು ಕಡಮೆ ಹೊಡೆತಗಳಲ್ಲಿ ಸೇರಿಸಬೇಕು. ದೊಡ್ಡ ಪಂದ್ಯಗಳಲ್ಲಿ 18 ಗುಳಿಗಳ ಸುತ್ತನ್ನು ನಾಲ್ಕು ಬಾರಿ, ಒಟ್ಟು 72 ಗುಳಿಗಳನ್ನು ಆಡುತ್ತಾರೆ. ಎಲ್ಲರಿಗಿಂತ ಕಡಮೆ ಹೊಡೆತಗಳಲ್ಲಿ ಮುಗಿಸಿದವನೇ ವಿಜೇತ.

ಇಲ್ಲಿ ಎದುರಾಳಿಯನ್ನು ಮುಟ್ಟುವುದಿಲ್ಲ, ತಡೆಯುವುದಿಲ್ಲ. ಒಬ್ಬನ ಹೊಡೆತಗಳನ್ನು ಜೊತೆಯ ಆಟಗಾರನು ಚೀಟಿಯಲ್ಲಿ ಗುರುತು ಹಾಕುತ್ತಾನೆ. ಆಡಿದವನು ಅದನ್ನು ಪರಿಶೀಲಿಸಿ ರುಜು ಹಾಕುತ್ತಾನೆ. ಒಂದು ಹೊಡೆತ ಒಂದೇ. ಅದನ್ನು ಹೊಡೆದವನ ಕುಲ, ಬಣ್ಣ, ಭಾಷೆಗಳಿಗೆ ಆ ಚೀಟಿಯಲ್ಲಿ ಕಲಂ ಇಲ್ಲ. ಪ್ರಾಮಾಣಿಕತೆಯ ಮೇಲೆ ನಿಂತ ಆಟವೆಂದು ಗಾಲ್ಫ್ ಹೆಮ್ಮೆಪಡುವುದು ಈ ಕಾರಣದಿಂದಲೇ. ಪಾಪ್ವಾ ಅವರ ಜೀವನದಲ್ಲಿ ಈ ಹೆಮ್ಮೆಯೇ ಪರೀಕ್ಷೆಗೆ ಒಳಗಾಯಿತು.

ಹಾಲೆಂಡಿನಲ್ಲಿ ಜಯ

ದಕ್ಷಿಣ ಆಫ್ರಿಕದಲ್ಲಿ 1948ರಲ್ಲಿ ಅಧಿಕಾರಕ್ಕೆ ಬಂದ ಸರಕಾರ ವರ್ಣಭೇದವನ್ನು ರಾಜ್ಯನೀತಿಯಾಗಿ ಘೋಷಿಸಿತು. 1950ರ ಒಂದು ಕಾಯಿದೆ ಪ್ರತಿಯೊಬ್ಬ ನಿವಾಸಿಯನ್ನೂ ಜನಾಂಗದ ಪ್ರಕಾರ ನೋಂದಾಯಿಸಿತು. ಅದೇ ವರ್ಷದ ಇನ್ನೊಂದು ಕಾಯಿದೆ ಯಾವ ಜನಾಂಗದವರು ಯಾವ ಪ್ರದೇಶದಲ್ಲಿ ವಾಸಿಸಬೇಕೆಂದು ವಿಂಗಡಿಸಿತು. ಬಿಳಿಯರಲ್ಲದ ಗಾಲ್ಫ್ ಆಟಗಾರರು ತಮ್ಮ ತಮ್ಮಲ್ಲಿಯೇ ಪ್ರತ್ಯೇಕ ಪಂದ್ಯಗಳನ್ನು ನಡೆಸಿಕೊಳ್ಳುತ್ತಿದ್ದರು. ಅಂಥ ಪಂದ್ಯಗಳಲ್ಲಿ ಪಾಪ್ವಾ ಅಗ್ರಗಣ್ಯರಾದರು.

ದರ್ಬನ್ನಿನ ರಸಾಯನಶಾಸ್ತ್ರಜ್ಞ ಮತ್ತು ಉದ್ಯಮಿ ಗ್ರಹಾಂ ವುಲ್ಫ್ ಎಂಬವರು ಪಾಪ್ವಾ ಅವರ ಆಟವನ್ನು ಕಂಡು ಬೆರಗಾದರು. ಮುಖಕ್ಕೆ ಹಚ್ಚುವ ‘ಆಯಿಲ್ ಆಫ್ ಓಲೇ’ ಲೇಪವನ್ನು ತಯಾರಿಸಿ ಹೆಸರಾದವರು ಇವರು. ಬಿಳಿಯರಾದ ವುಲ್ಫ್ ಅವರು ಈ ಕ್ಯಾಡಿಯ ಯೋಗ್ಯತೆಯನ್ನು ಗುರುತಿಸಿ, ನೆರವಾಗಿ ನಿಂತು, 1959ರಲ್ಲಿ ಅವರನ್ನು ಯೂರೋಪಿಗೆ ಕರೆದೊಯ್ದರು. ಅದೇ ವರ್ಷ ಪಾಪ್ವಾ ಡಚ್ ಓಪನ್ ಪಂದ್ಯವನ್ನು ಗೆದ್ದರು! ಮಾರನೆಯ ವರ್ಷ 1960ರಲ್ಲಿ ಮತ್ತೆ ಹೋಗಿ ಅದೇ ಪದವಿಯನ್ನು ಉಳಿಸಿಕೊಂಡರು. 1964ರಲ್ಲಿ ಮೂರನೆಯ ಬಾರಿ ಗೆದ್ದರು. 1963ರ ಬ್ರಿಟಿಷ್ ಓಪನ್ ಪಂದ್ಯದಲ್ಲಿ ಜಗತ್ತಿನ ಶ್ರೇಷ್ಠರ ನಡುವೆ ಮೊದಲ ಇಪ್ಪತ್ತು ಮಂದಿಯೊಳಗೆ ಸ್ಥಾನ ಪಡೆದರು.

ಹಾಲೆಂಡಿನ ಮೈದಾನಕ್ಕೂ ದರ್ಬನ್ನಿನ ಮೈದಾನಕ್ಕೂ ಹುಲ್ಲಿನಲ್ಲಿ ಏನಷ್ಟು ಭೇದ? ಚೆಂಡು ಅದೇ, ಗುಳಿಯ ಅಳತೆ ಅದೇ, ಹಿಡಿತವೂ ಅದೇ. ಬೇರೆಯಾಗಿದ್ದುದು ಪ್ರವೇಶದ ನಿಯಮ. ಹಾಲೆಂಡಿನಲ್ಲಿ ಅವರನ್ನು ಆಟಗಾರನೆಂದು ಒಳಗೆ ಕರೆದರು. ಸ್ವದೇಶದಲ್ಲಿ ಮೊದಲು ಜನಾಂಗವನ್ನು ಕೇಳಿದರು.

1963ರ ಮಳೆ

ಮಿಶ್ರ ಕ್ರೀಡೆಯನ್ನು ನಿಯಂತ್ರಿಸಲು ಸರಕಾರ ಅನುಸರಿಸಿದ ವಿಧಾನವನ್ನು ಇಲ್ಲಿ ಗಮನಿಸಬೇಕು. ಬಿಳಿಯರೂ ಬಿಳಿಯರಲ್ಲದವರೂ ಬೇರೆ ಬೇರೆಯಾಗಿ ಆಡತಕ್ಕದ್ದೆಂಬ ನೀತಿಯನ್ನು 1956ರಲ್ಲಿ ಒಳಾಡಳಿತ ಮಂತ್ರಿ ಡೋಂಗೆಸ್ ಪ್ರಕಟಿಸಿದರು. ಅದರ ಆಚರಣೆಗೆ ವಸತಿ ವಿಂಗಡಣೆಯ ಕಾಯಿದೆ ಮತ್ತು ಪರವಾನಗಿಗಳೇ ಸಾಧನಗಳಾದವು. ಬಿಳಿಯರ ಪ್ರದೇಶದ ಮೈದಾನದಲ್ಲಿ ಭಾರತೀಯನು ಆಡಬೇಕಾದರೆ ವಿಶೇಷ ಪರವಾನಗಿ ಬೇಕು. ಅದು ದೊರೆತರೂ ಆಡುವುದಕ್ಕಷ್ಟೇ. ಕ್ಲಬ್ಬಿನ ಮನೆಯೊಳಗೆ ಕುಳಿತುಕೊಳ್ಳಲಾಗಲಿ, ಉಣ್ಣಲಾಗಲಿ, ಬಟ್ಟೆ ಬದಲಾಯಿಸಲಾಗಲಿ ಅಲ್ಲ.

ಇಂಥ ನಿರ್ಬಂಧಗಳ ನಡುವೆ ಪಾಪ್ವಾ ಅವರು 1963ರಲ್ಲಿ ದರ್ಬನ್ ಕಂಟ್ರಿ ಕ್ಲಬ್ಬಿನಲ್ಲಿ ನಡೆದ ನೇಟಾಲ್ ಓಪನ್ ಪಂದ್ಯವನ್ನು ಪ್ರವೇಶಿಸಿದರು. ನೂರಕ್ಕೂ ಹೆಚ್ಚು ಮಂದಿ ಬಿಳಿಯ ಆಟಗಾರರ ನಡುವೆ ಆಡಿ ಪಂದ್ಯವನ್ನು ಗೆದ್ದರು. ದಕ್ಷಿಣ ಆಫ್ರಿಕದ ಪ್ರಾಂತೀಯ ಓಪನ್ ಪದವಿಯನ್ನು ಪಡೆದ ಬಿಳಿಯರಲ್ಲದ ಪ್ರಥಮ ಆಟಗಾರ ಅವರು.

ಬಹುಮಾನ ವಿತರಣೆಯ ವೇಳೆಗೆ ಮಳೆ ಬಂದಿತು. ಉಳಿದ ಆಟಗಾರರು ಕ್ಲಬ್ಬಿನ ಮನೆಯೊಳಗೆ ಆಶ್ರಯ ಪಡೆದರು. ವಿಜೇತನು ಒಳಗೆ ಬರುವಂತಿರಲಿಲ್ಲ. ಪಾಪ್ವಾ ಅವರು ಹೊರಗೆ, ಮಳೆಯಲ್ಲಿಯೇ, ಪಾರಿತೋಷಕವನ್ನು ಸ್ವೀಕರಿಸಿದರು. ಆ ಚಿತ್ರ ಜಗತ್ತಿನ ಅನೇಕ ಪತ್ರಿಕೆಗಳಲ್ಲಿ ಅಚ್ಚಾಯಿತು. ವರ್ಣಭೇದ ನೀತಿಯನ್ನು ಕುರಿತು ನೂರು ಭಾಷಣಗಳು ಮನಗಾಣಿಸಲಾರದ ಸತ್ಯವನ್ನು ಆ ಒಂದು ಚಿತ್ರ ಮನಗಾಣಿಸಿತು. ದೂರದೇಶಗಳ ಸಾಮಾನ್ಯ ವಾಚಕನಿಗೆ ಕಾಯಿದೆಗಳ ಕಲಂಗಳು ಅರ್ಥವಾಗದಿರಬಹುದು. ಗೆದ್ದವನು ನೆನೆಯುತ್ತಿದ್ದಾನೆ, ಸೋತವರು ಬೆಚ್ಚಗಿದ್ದಾರೆ ಎಂಬುದು ಎಂಥವನಿಗೂ ಅರ್ಥವಾಗುತ್ತದೆ.

ಗೆದ್ದುದಕ್ಕೆ ಶಿಕ್ಷೆ

1965ರ ನೇಟಾಲ್ ಓಪನ್‌ನಲ್ಲಿ ಪಾಪ್ವಾ ಮತ್ತೆ ಗೆದ್ದರು. ಈ ಬಾರಿ ಅವರು ಹಿಂದೆ ಹಾಕಿದುದು ಗ್ಯಾರಿ ಪ್ಲೇಯರ್ ಅವರನ್ನು. ಬ್ರಿಟಿಷ್ ಓಪನ್, ಮಾಸ್ಟರ್ಸ್, ಅಮೆರಿಕದ ಪಿ.ಜಿ.ಎ. ಪದವಿಗಳನ್ನು ಅದಾಗಲೇ ಗಳಿಸಿದ್ದ ಪ್ಲೇಯರ್, 1965ರಲ್ಲಿಯೇ ಅಮೆರಿಕದ ಓಪನ್ ಪದವಿಯನ್ನೂ ಗೆದ್ದು ಗಾಲ್ಫಿನ ನಾಲ್ಕು ಮಹಾ ಪ್ರಶಸ್ತಿಗಳನ್ನೂ ಪಡೆದ ಕೆಲವೇ ಕೆಲವರ ಸಾಲಿಗೆ ಸೇರಿದರು. ಅಂಥವರನ್ನು ತವರಿನ ನೆಲದಲ್ಲಿ ಹಿಂದೆ ಹಾಕಿದುದರಿಂದ ಪಾಪ್ವಾ ಅವರ ಯೋಗ್ಯತೆಯ ವಿಷಯದಲ್ಲಿ ಯಾರಿಗೂ ಸಂದೇಹ ಉಳಿಯಲಿಲ್ಲ.

ಸಂದೇಹ ಉಳಿಯದಿದ್ದುದೇ ಅವರಿಗೆ ಮುಳುವಾಯಿತು. ವರ್ಣಭೇದದ ಸಿದ್ಧಾಂತ ನಿಂತಿದ್ದುದು ಒಂದು ಜನಾಂಗ ಇನ್ನೊಂದಕ್ಕಿಂತ ಮೇಲು ಎಂಬ ಹುಸಿ ನಂಬಿಕೆಯ ಮೇಲೆ. ಬಿಳಿಯರ ಪಂದ್ಯದಲ್ಲಿ ಭಾರತೀಯನು ಸೋಲುವವರೆಗೆ ಆ ನಂಬಿಕೆಗೆ ತೊಂದರೆಯಿಲ್ಲ. ಗೆದ್ದರೆ ಅದು ಎಲ್ಲರ ಕಣ್ಣೆದುರಿಗೆ, ಅಂಕಿಗಳ ಸಾಕ್ಷಿಯೊಂದಿಗೆ, ಕುಸಿಯುತ್ತದೆ. 1966ರಲ್ಲಿ ಸರಕಾರ ಪಾಪ್ವಾ ಅವರಿಗೆ ಬಿಳಿಯರ ಪಂದ್ಯಗಳ ಬಾಗಿಲನ್ನು ಮುಚ್ಚಿತು. ಅವರ ಪಾಸ್‌ಪೋರ್ಟನ್ನೂ ಹಿಂದಕ್ಕೆ ಪಡೆಯಿತು. ಹೀಗಾಗಿ ವಿದೇಶದಲ್ಲಿ ಆಡಿ ಜೀವಿಸುವ ಮಾರ್ಗವೂ ಇಲ್ಲವಾಯಿತು.

ವೃತ್ತಿನಿರತ ಆಟಗಾರನಿಗೆ ಪಂದ್ಯವೇ ಹೊಲ, ಬಹುಮಾನವೇ ಬೆಳೆ. ಅವರ ವಯಸ್ಸು ಆಗ ನಲವತ್ತರ ಒಳಗೆ. ಗಾಲ್ಫಿನಲ್ಲಿ ಅದು ಮುಪ್ಪಿನ ವಯಸ್ಸೇನೂ ಅಲ್ಲ. ಆ ವಯಸ್ಸಿನ ಅನಂತರವೂ ಮಹಾ ಪ್ರಶಸ್ತಿಗಳನ್ನು ಗೆದ್ದವರಿದ್ದಾರೆ. ಬೆಳೆ ಬರುವ ಕಾಲದಲ್ಲಿಯೇ ಅವರ ಹೊಲಕ್ಕೆ ಬೇಲಿ ಬಿದ್ದಿತು. ಬಡತನದಲ್ಲಿ ಹುಟ್ಟಿದ ಪಾಪ್ವಾ ಬಡತನದಲ್ಲಿಯೇ, 1978ರಲ್ಲಿ, ಸುಮಾರು ಐವತ್ತರ ವಯಸ್ಸಿನಲ್ಲಿ ನಿಧನ ಹೊಂದಿದರು.

ಕಾಲದ ತೀರ್ಪು

ಇಂಥ ಬೇಲಿ ದಕ್ಷಿಣ ಆಫ್ರಿಕದಲ್ಲಿ ಮಾತ್ರ ಇತ್ತೆಂದು ಭಾವಿಸಬಾರದು. ಅಮೆರಿಕದ ವೃತ್ತಿನಿರತ ಗಾಲ್ಫ್ ಆಟಗಾರರ ಸಂಘದ ನಿಯಮಾವಳಿಯಲ್ಲಿ ಬಿಳಿಯರಿಗೆ ಮಾತ್ರ ಸದಸ್ಯತ್ವ ಎಂಬ ವಿಧಿ 1961ರವರೆಗೂ ಇತ್ತು. ಚಾರ್ಲಿ ಸಿಫರ್ಡ್ ಎಂಬ ನೀಗ್ರೋ ಜನಾಂಗದ ಆಟಗಾರರು ದೀರ್ಘಕಾಲ ಹೋರಾಡಿ ಆ ಬಾಗಿಲನ್ನು ತೆರೆಸಿದರು. ಎರಡು ದೇಶಗಳಿಗೂ ಇದ್ದ ಅಂತರವಿಷ್ಟೆ: ಒಂದು ಕಡೆ ಬಾಗಿಲು ತೆರೆಯುತ್ತಿದ್ದ ಕಾಲದಲ್ಲಿಯೇ ಇನ್ನೊಂದು ಕಡೆ ಅದಕ್ಕೆ ಹೊಸ ಬೀಗ ಬೀಳುತ್ತಿತ್ತು.

ಆ ಬೀಗದ ಬೆಲೆಯನ್ನು ದಕ್ಷಿಣ ಆಫ್ರಿಕ ಮುಂದೆ ತೆರಬೇಕಾಯಿತು. 1964ರ ಟೋಕಿಯೋ ಒಲಿಂಪಿಕ್ ಕ್ರೀಡೆಗಳಿಗೆ ಅದನ್ನು ಕರೆಯಲಿಲ್ಲ. 1970ರಲ್ಲಿ ಒಲಿಂಪಿಕ್ ಸಮಿತಿ ಅದನ್ನು ಹೊರಹಾಕಿತು. 1968ರಲ್ಲಿ ಕೇಪ್‌ಟೌನಿನಲ್ಲಿ ಹುಟ್ಟಿದ ಬೇಸಿಲ್ ಡಿಒಲಿವೇರ ಇರುವ ಇಂಗ್ಲೆಂಡಿನ ಕ್ರಿಕೆಟ್ ತಂಡವನ್ನು ಸರಕಾರ ನಿರಾಕರಿಸಿತು. ಎರಡು ವರ್ಷಗಳಲ್ಲಿ ಅಂತರರಾಷ್ಟ್ರೀಯ ಕ್ರಿಕೆಟ್ಟಿನ ಬಾಗಿಲು ಆ ದೇಶಕ್ಕೇ ಮುಚ್ಚಿತು. ಒಬ್ಬನನ್ನು ಹೊರಗಿಟ್ಟ ದೇಶ ತಾನೇ ಹೊರಗೆ ನಿಲ್ಲುವಂತಾಯಿತು. ದಕ್ಷಿಣ ಆಫ್ರಿಕ ಒಲಿಂಪಿಕ್ ಕ್ರೀಡೆಗಳಿಗೆ ಮರಳಿದುದು 1992ರಲ್ಲಿ. ಎಲ್ಲ ಜನಾಂಗದವರೂ ಮತ ಚಲಾಯಿಸಿದ ಮೊದಲ ಚುನಾವಣೆ ನಡೆದುದು 1994ರಲ್ಲಿ.

ಗ್ಯಾರಿ ಪ್ಲೇಯರ್ ಅವರ ವಿಚಾರವನ್ನೂ ಇಲ್ಲಿ ನ್ಯಾಯವಾಗಿ ಹೇಳಬೇಕು. 1960ರ ದಶಕದಲ್ಲಿ ಅವರು ತಮ್ಮ ದೇಶದ ವರ್ಣಭೇದ ನೀತಿಯನ್ನು ಸಮರ್ಥಿಸಿ ಬರೆದಿದ್ದರು. ಅನಂತರ ಆ ನಿಲುವನ್ನು ಬಿಟ್ಟುಕೊಟ್ಟರು. 1971ರಲ್ಲಿ ಅಮೆರಿಕದ ಕಪ್ಪು ಆಟಗಾರ ಲೀ ಎಲ್ಡರ್ ಅವರನ್ನು ದಕ್ಷಿಣ ಆಫ್ರಿಕಕ್ಕೆ ಆಡಲು ಆಹ್ವಾನಿಸಿದರು. ಮನುಷ್ಯನು ಬದಲಾಗಬಲ್ಲನೆಂಬುದು ಸಂತೋಷದ ಸಂಗತಿ. ಆದರೆ ಆ ಬದಲಾವಣೆಯ ಹೊತ್ತಿಗೆ ಪಾಪ್ವಾ ಅವರ ಉತ್ತಮ ವರ್ಷಗಳು ಕಳೆದುಹೋಗಿದ್ದವು. ತಡವಾಗಿ ತೆರೆದ ಬಾಗಿಲು ಮುಂದಿನವರಿಗೆ ಉಪಯೋಗಕ್ಕೆ ಬಂದೀತು. ಹೊರಗೆ ನಿಂತು ದಣಿದವನಿಗೆ ಕಳೆದ ಕಾಲವನ್ನು ಮರಳಿ ಕೊಡಲಾರದು.

ದರ್ಬನ್ನಿನಲ್ಲಿ ಇಂದು ಪಾಪ್ವಾ ಸಿವ್‌ಗೋಲಂ ಅವರ ಹೆಸರನ್ನು ಹೊತ್ತ ಗಾಲ್ಫ್ ಮೈದಾನವಿದೆ. ನ್ಯಾಯಾಧೀಶರಾಗಿದ್ದ ಕ್ರಿಸ್ಟೋಫರ್ ನಿಕೋಲ್ಸನ್ ಅವರು ಬರೆದ ಅವರ ಜೀವನಚರಿತ್ರೆ 2005ರಲ್ಲಿ ಪ್ರಕಟವಾಯಿತು.

ನಾವು ಗ್ರಹಿಸಬೇಕಾದುದು

ಈ ಜೀವನದಿಂದ ‘ಕಷ್ಟಪಟ್ಟರೆ ಫಲ ಸಿಕ್ಕೇ ಸಿಗುತ್ತದೆ’ ಎಂಬ ರೂಢಿಯ ನೀತಿಯನ್ನು ತೆಗೆಯಲು ಹೋದರೆ ಸತ್ಯಕ್ಕೆ ಅಪಚಾರವಾದೀತು. ಪಾಪ್ವಾ ಅವರು ಪಟ್ಟ ಶ್ರಮದಲ್ಲಿ ಕೊರತೆಯಿರಲಿಲ್ಲ, ಪ್ರತಿಭೆಯಲ್ಲಿ ಕೊರತೆಯಿರಲಿಲ್ಲ, ಗೆಲುವಿನಲ್ಲಿಯೂ ಕೊರತೆಯಿರಲಿಲ್ಲ. ಆದರೂ ಫಲ ಕೈತಪ್ಪಿತು. ಮಕ್ಕಳಿಗೆ ಶ್ರಮದ ಮಹಿಮೆಯನ್ನು ಬೋಧಿಸುವ ನಾವು, ಆ ಶ್ರಮ ಸಫಲವಾಗಲು ಬೇಕಾದ ವ್ಯವಸ್ಥೆಯ ಹೊಣೆ ಹಿರಿಯರದೆಂಬುದನ್ನು ಮರೆಯಲಾಗದು.

ಪಾಪ್ವಾ ಅವರ ಬದುಕಿನಲ್ಲಿ ಎರಡು ಬಗೆಯ ಮನುಷ್ಯರನ್ನು ಕಾಣುತ್ತೇವೆ. ಚೀಲ ಹೊರುವ ಹುಡುಗನಲ್ಲಿ ಆಟಗಾರನನ್ನು ಗುರುತಿಸಿ ಅವನ ಪ್ರಯಾಣಕ್ಕೆ ನೆರವಾದ ಒಬ್ಬ ಉದ್ಯಮಿ ಒಂದು ಕಡೆ. ಗೆದ್ದವನನ್ನು ಮಳೆಯಲ್ಲಿ ನಿಲ್ಲಿಸಿದ ವ್ಯವಸ್ಥೆ ಇನ್ನೊಂದು ಕಡೆ. ಒಬ್ಬ ದಾನಿಯ ಔದಾರ್ಯ ಒಂದು ಪ್ರತಿಭೆಯನ್ನು ಹಾಲೆಂಡಿನವರೆಗೆ ಮುಟ್ಟಿಸಿತು. ಆದರೆ ಸಂಸ್ಥೆಗಳೂ ಕಾನೂನೂ ಪ್ರತಿಕೂಲವಾದಾಗ ಆ ಔದಾರ್ಯ ಒಂಟಿಯಾಗಿ ಹೋರಾಡಲಾರದಾಯಿತು. ಆದುದರಿಂದ ದಾನವು ವ್ಯಕ್ತಿಗೆ ಸಲ್ಲುವುದರ ಜೊತೆಗೆ, ಯಾರ ಮುಂದೆಯೂ ಕದವಿಕ್ಕದ ಸಂಸ್ಥೆಗಳಿಗೂ ಸಲ್ಲಬೇಕು.

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಶಾಲೆಯ ಬಾಗಿಲಿಗೆ ಬರುವ ಮಕ್ಕಳಲ್ಲಿ ಯಾರ ಕೈಯಲ್ಲಿ ಯಾವ ಕೌಶಲ ಅಡಗಿದೆಯೋ ಯಾರೂ ಅರಿಯರು. ಅವರಲ್ಲೊಬ್ಬನ ಹಿಡಿತ ನಮ್ಮ ರೂಢಿಗೆ ವಿರುದ್ಧವಾಗಿ ಕಂಡೀತು. ಅವನ ಉಡುಪು ಮಾಸಿದ್ದೀತು. ಅವನ ಮನೆಯಲ್ಲಿ ಅಕ್ಷರ ಬಲ್ಲವರು ಇಲ್ಲದಿದ್ದಾರು. ಅಂಥವನ ಹೆಸರನ್ನು ಸರಿಯಾಗಿ ಕೇಳಿ, ಸರಿಯಾಗಿ ಬರೆದುಕೊಂಡು, ಒಳಕ್ಕೆ ಕರೆದು ಕೂರಿಸುವುದೇ ಶಾಲೆಯ ಮೊದಲ ಪಾಠ. ಮಿಕ್ಕ ಪಾಠಗಳು ಅನಂತರ.